ಹೊಟ್ಟೆಯೊಳಗಿನ ಹಗ್ಗ

ನನಗೆ ಮೂವತ್ತೊಂದು ವರ್ಷ. ಕಳೆದ ತಿಂಗಳು ನಾನು ನಿವೃತ್ತಳಾದೆ.

ಹಾಗೆಂದು ಘೋಷಿಸಿದವಳು ನಾನಲ್ಲ. ಸೇಡಂನಲ್ಲಿ ನಮ್ಮ ಫಿಸಿಯೋಥೆರಪಿ ಕ್ಲಿನಿಕ್ ಇರುವ ಕಟ್ಟಡದ ಮಾಲೀಕರು ಹಿಂದೆ ಹೆಡ್‌ಮಾಸ್ತರರಾಗಿದ್ದವರು. ಅವರಿಗೆ ಬರುವುದು ಒಂದೇ ಬೀಳ್ಕೊಡುಗೆ ಭಾಷಣ. ನಾನು ಕಲಬುರಗಿಯ ಕಾಲೇಜೊಂದಕ್ಕೆ ಪಾಠ ಹೇಳಲು ಹೊರಟಿದ್ದೇನೆಂದು ಎಷ್ಟು ತಿಳಿಸಿದರೂ ಕೇಳದೆ, ಶಾಲು ಹೊದಿಸಿ, ತೆಂಗಿನಕಾಯಿ ಕೈಗಿಟ್ಟು, "ಇವರ ವಿಶ್ರಾಂತ ಜೀವನವು ಮೊಮ್ಮಕ್ಕಳೊಡನೆ ಸುಖವಾಗಿ ಸಾಗಲಿ" ಎಂದು ಹರಸಿಬಿಟ್ಟರು. ನನಗಿನ್ನೂ ಮದುವೆಯೇ ಆಗಿಲ್ಲ. ಜನ ಚಪ್ಪಾಳೆ ತಟ್ಟಿದರು. ನನ್ನ ತಾಯಿ ಎಲ್ಲರಿಗಿಂತ ಜೋರಾಗಿ ತಟ್ಟಿದಳು. ಮೊಮ್ಮಕ್ಕಳ ಮಾತು ಬಂದಿತ್ತಲ್ಲ.

ಅಂತೂ ನಿವೃತ್ತಳಾದ ಮೇಲೆ ಅನುಭವ ಬರೆಯುವ ಹಕ್ಕು ನನಗೂ ಬಂದಿದೆ. ನನ್ನ ಜಾಗಕ್ಕೆ ಈಗ ಇಬ್ಬರು ಹೊಸ ಹುಡುಗಿಯರು ಬಂದಿದ್ದಾರೆ. ಈ ಕೆಲಸ ನಿಜವಾಗಿ ಹೇಗಿರುತ್ತದೆ ಎಂದು ಅವರು ಕೇಳಿದರು. ಎದುರಿಗೆ ಕುಳಿತು ಹೇಳುವುದು ನನಗೆ ಕಷ್ಟ. ಬರೆಯುವುದು ಸುಲಭ.

ಕ್ಲಿನಿಕ್ಕಿನ ಮುಖ್ಯ ಜಾಗ ಸೇಡಂ. ಉಳಿದ ದಿನ ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಎಂದು ಒಂದೊಂದು ಊರಿನಲ್ಲಿ ಒಂದೊಂದು ಬಾಡಿಗೆ ಕೋಣೆ, ಒಂದು ಮಂಚ, ಒಂದು ಕುರ್ಚಿ. ಬಸ್ಸಿನಲ್ಲಿ ಓಡಾಟ. ಕ್ಲಿನಿಕ್ ನಡೆಸುತ್ತಿದ್ದ ನಮ್ಮ ಹಿರಿಯರನ್ನು ಎಲ್ಲರೂ ಸರ್ ಎಂದಷ್ಟೇ ಕರೆಯುತ್ತಿದ್ದರು. ಅವರಿಗೊಂದು ಅಭ್ಯಾಸ: ಕಿಟಕಿಯ ಬಳಿ ಚಹಾ ಹಿಡಿದು ನಿಂತು, ರೋಗಿ ಬಸ್ಸಿನಿಂದ ಇಳಿಯುವುದನ್ನು ನೋಡುವುದು. ರೋಗಿ ಒಳಗೆ ಬರುವಷ್ಟರಲ್ಲಿ ಅರ್ಧ ಪರೀಕ್ಷೆ ಮುಗಿದಿರುತ್ತಿತ್ತು. ನಾನು ಸೇರಿದ ದಿನ ಅವರು ಹೇಳಿದ್ದು ಇಷ್ಟೇ: "ಮಂದಿ ನೋವು ಎಲ್ಲಿ ತೋರಸ್ತಾರ, ಅಲ್ಲೇ ನಿಲ್ಲಬ್ಯಾಡ. ಕೈ ಹ್ಯಾಂಗ ಆಡಸ್ತಾರ ನೋಡು. ಬೆನ್ನಿನ ಮ್ಯಾಲ ಕೈ ಅಡ್ಡ ಎಳದ್ರ ಒಂದು ಮಾತು, ಮ್ಯಾಲಿಂದ ಕೆಳಗ ಎಳದ್ರ ಬ್ಯಾರೆ ಮಾತು."

ಮೇಲಿನಿಂದ ಕೆಳಗೆ ಎಳೆದವರ ಕಥೆಯೇ ಇದು.

ಸೊಂಟದ ಕೀಲನ್ನು ಮಡಿಸುವ ಸ್ನಾಯುಗಳಲ್ಲಿ ಮುಖ್ಯವಾದವು ಎರಡು. ಸೋಯಾಸ್ ಎಂಬುದು ಬೆನ್ನುಮೂಳೆಯ ಕೆಳಗಿನ ಮಣಿಗಳ ಎರಡು ಪಕ್ಕಗಳಿಂದ ಹೊರಟು ಕರುಳಿನ ಹಿಂದೆ ಇಳಿಯುತ್ತದೆ. ಇಲಿಯಾಕಸ್ ಎಂಬುದು ಸೊಂಟದ ಮೂಳೆಯ ಒಳಬಟ್ಟಲಿನಿಂದ ಹೊರಡುತ್ತದೆ. ಎರಡೂ ಕೂಡಿ, ಬಾವಿಯ ಗಡಗಡೆಯ ಮೇಲೆ ಹಗ್ಗ ಹಾಯುವಂತೆ ಸೊಂಟದ ಮೂಳೆಯ ಮುಂದಿನ ಅಂಚನ್ನು ಹಾದು, ತೊಡೆಮೂಳೆಯ ಒಳಬದಿಯ ಸಣ್ಣ ಉಬ್ಬಿಗೆ ಅಂಟಿಕೊಳ್ಳುತ್ತವೆ. ಮೆಟ್ಟಿಲಿಗೆ ಕಾಲೆತ್ತುವಾಗ ಎಳೆಯುವುದು ಈ ಹಗ್ಗವೇ. ಕುಳಿತಾಗ ಅದು ಗಿಡ್ಡವಾಗಿರುತ್ತದೆ. ದಿನವಿಡೀ ಕುಳಿತೇ ದುಡಿಯುವವರಲ್ಲಿ, ಎದ್ದು ನಿಂತಾಗಲೂ ಅದು ಉದ್ದವಾಗಲು ಒಪ್ಪುವುದಿಲ್ಲ. ಬದಲಿಗೆ ಬೆನ್ನುಮೂಳೆಯನ್ನೇ ಮುಂದಕ್ಕೆ ಜಗ್ಗುತ್ತದೆ. ಕೆಲವು ಎಳೆಗಳು ಬಿಗಿದು ಹಾಗೇ ಉಳಿದುಬಿಡುತ್ತವೆ. ಅಂಥ ತಾಣಕ್ಕೆ ಟ್ರಿಗರ್ ಪಾಯಿಂಟ್ ಎನ್ನುತ್ತೇವೆ. ಅದು ಏಕೆ ಹಾಗಾಗುತ್ತದೆಂದು ಬಲ್ಲವರು ಇನ್ನೂ ವಾದಿಸುತ್ತಿದ್ದಾರೆ. ವಾದವಿಲ್ಲದ ಸಂಗತಿಯೆಂದರೆ, ಗಂಟು ಹೊಟ್ಟೆಯೊಳಗೆ, ನೋವು ಬೆನ್ನಿನ ಉದ್ದಕ್ಕೆ ಅಥವಾ ತೊಡೆಯ ಮುಂದೆ.

ಚಿತ್ತಾಪುರದ ದರ್ಜಿ ಖಾಜಾಮಿಯಾ ಚಾಚಾ ತೊಡೆನೋವಿಗೆಂದು ಬಂದಾಗ ಇದನ್ನೆಲ್ಲ ವಿವರಿಸಿದೆ. ಅವರು ಗಡ್ಡ ತುರಿಸಿಕೊಂಡು, "ಅಂದ್ರ ಒಳಗಿನ ಅಸ್ತರ್ ಗಿಡ್ಡ ಆಗ್ಯಾದ, ಹೊರಗಿನ ಕಪಡಾ ಸುಕ್ಕಾಗಿ ಒದರ್ಲಿಕತ್ತದ. ಹೌದಿಲ್ರಿ?" ಎಂದರು. ಹೌದು ಎಂದೆ. "ಹಂಗಾರ ಬಿಚ್ಚಿ ಹೊಲೀರಿ ಮತ್ತ," ಎಂದು ಮಂಚದ ಮೇಲೆ ಮಲಗಿಬಿಟ್ಟರು.

ಆದಿತ್ಯನಗರದಿಂದ ಬರುತ್ತಿದ್ದ ಕಾರ್ಖಾನೆಯ ನೌಕರರೊಬ್ಬರು ಇನ್ನೊಂದು ಬಗೆ. ಬೆನ್ನುನೋವು ಹೋಗಲೆಂದು ಅವರು ಮುಂಜಾನೆ ಮಲಗಿ ಏಳುವ ವ್ಯಾಯಾಮ ಮಾಡುತ್ತಿದ್ದರು, ಹೆಂಡತಿ ಪಾದ ಒತ್ತಿ ಹಿಡಿಯುತ್ತಿದ್ದಳು. ಪಾದ ಹಿಡಿದರೆ ಹೊಟ್ಟೆಗಿಂತ ಹೆಚ್ಚು ದುಡಿಯುವುದು ಈ ಹಗ್ಗವೇ. ನೋವು ಹೆಚ್ಚಿದಂತೆ ಇವರು ವ್ಯಾಯಾಮ ಹೆಚ್ಚಿಸಿದರು, ವ್ಯಾಯಾಮ ಹೆಚ್ಚಿದಂತೆ ನೋವು ಹೆಚ್ಚಿತು. ನಿಲ್ಲಿಸಿ ಎಂದಾಗ ಹೆಂಡತಿ ನನಗೆ ಕೈಮುಗಿದಳು: "ದೇವ್ರು ನಿಮಗ ಚಲೋ ಮಾಡ್ಲಿ. ನಂದು ನಿದ್ದಿ ಉಳೀತು."

ನನ್ನ ಕಷ್ಟ ಬೇರೆಯೇ ಇತ್ತು. ಈ ಹಗ್ಗವನ್ನು ಉದ್ದ ಮಾಡುವ ಒಳ್ಳೆಯ ಉಪಾಯವೆಂದರೆ ಒಂದು ಮೊಣಕಾಲು ನೆಲಕ್ಕೂರಿ, ಇನ್ನೊಂದು ಪಾದ ಮುಂದಿಟ್ಟು, ಮೈ ನೆಟ್ಟಗಿಟ್ಟು ನಿಧಾನ ಮುಂದೆ ಸರಿಯುವುದು, ಮೂವತ್ತು ಎಣಿಸುವವರೆಗೆ ಅಲ್ಲೇ ಇರುವುದು, ಆಮೇಲೆ ಇನ್ನೊಂದು ಕಾಲು. ಆದರೆ ಊರಿದ ಕಾಲಿನ ಹಿಂಭಾಗವನ್ನು ಬಿಗಿ ಹಿಡಿಯದಿದ್ದರೆ ಸೊಂಟ ಮುಂದಕ್ಕೆ ಬಾಗುತ್ತದೆ, ಹಗ್ಗ ಎಳೆಯುವುದೇ ಇಲ್ಲ, ಎಲ್ಲ ದಂಡ. ಆ ಹಿಂಭಾಗಕ್ಕೆ ಈ ಕಡೆಯ ಜನ ಬಳಸುವ ಮಾತು ನನ್ನ ಬಾಯಲ್ಲಿ ಬರುತ್ತಿರಲಿಲ್ಲ. ನಮ್ಮ ಮನೆಯಲ್ಲಿ ತಂದೆ ದೇವರಪೂಜೆ ಮುಗಿಸುವವರೆಗೆ ಜೋರಾಗಿ ಸೀನುವುದೂ ತಪ್ಪು. ಹಾಗಾಗಿ ನಾನು "ಪೃಷ್ಠದ ಸ್ನಾಯುವನ್ನು ಸಂಕುಚಿಸಿ" ಎನ್ನುತ್ತಿದ್ದೆ. ರೋಗಿಗಳು ಭಕ್ತಿಯಿಂದ ತಲೆಯಾಡಿಸುತ್ತಿದ್ದರು. ಒಬ್ಬರು ಕಣ್ಣು ಮುಚ್ಚಿದರು. ಒಬ್ಬರು ಮುಷ್ಟಿ ಬಿಗಿದರು. ಚಿಂಚೋಳಿಯ ಒಬ್ಬ ಅಜ್ಜಿ ಕೈಜೋಡಿಸಿ, "ಮಂತ್ರ ಇನ್ನೊಮ್ಮಿ ಹೇಳ್ರಿ" ಎಂದಳು. ಸರ್ ಕಿಟಕಿಯ ಬಳಿ ಚಹಾ ಚೆಲ್ಲಿಕೊಂಡು ನಕ್ಕರು.

ಆಮೇಲೆ ಬಟ್ಟಿಯ ಪ್ರಕರಣ. ಹೊಸಬರು ಇದನ್ನು ತಿಳಿದಿರಬೇಕು. ಹೊಕ್ಕುಳದಲ್ಲಿ ಮಿಡಿಯುವ ನಾಡಿಗೆ ಈ ಕಡೆ ಬಟ್ಟಿ ಎನ್ನುತ್ತಾರೆ. ಭಾರ ಎತ್ತಿದರೆ ಅದು ಜಾಗ ಬಿಟ್ಟು ಸರಿಯುತ್ತದೆ, ಆಗ ಹೊಟ್ಟೆ, ಟೊಂಕ ಎಲ್ಲ ನೋಯುತ್ತದೆ ಎಂದು ನಂಬಿಕೆ. ಎಣ್ಣೆ ಹಚ್ಚಿ ತಿಕ್ಕಿ ಅದನ್ನು ಜಾಗಕ್ಕೆ ತರುವ ಹೆಂಗಸರು ಊರೂರಿನಲ್ಲಿದ್ದಾರೆ. ನಾನೋ, ಸೋಯಾಸ್ ಹುಡುಕಲು ಹೊಕ್ಕುಳದ ಪಕ್ಕದಲ್ಲಿ ಬೆರಳಿಟ್ಟು, ಉಸಿರು ಬಿಟ್ಟಾಗ ನಿಧಾನವಾಗಿ ಒತ್ತುತ್ತಿದ್ದೆ. ಇಷ್ಟು ಸಾಕಾಯಿತು. ಕಾಳಗಿಯಿಂದ ಕೂಡ ಜನ "ಬಟ್ಟಿ ತಿಕ್ಕೋ ಡಾಕ್ಟರವ್ವ ಯಾರು?" ಎಂದು ಕೇಳಿಕೊಂಡು ಬರತೊಡಗಿದರು. ಮನೆಯಲ್ಲಿ ತಾಯಿ ಹಣೆ ಹಿಡಿದುಕೊಂಡು, "ಇದಕ್ಕ ವಿಶ್ವವಿದ್ಯಾಲಯಕ್ಕ ಯಾಕ ಹೋಗಬೇಕಿತ್ತವ್ವಾ?" ಎಂದಳು.

ಕುರಕುಂಟಾದ ಸಂಗಮ್ಮ ಆಯಿ ಕ್ಲಿನಿಕ್ಕಿಗೆ ಬಂದದ್ದು ಹೀಗೆ, ಜಗಳಕ್ಕೆ. ಆಕೆ ಬಟ್ಟಿ ತಿಕ್ಕುವುದರಲ್ಲಿ ಆ ಸೀಮೆಗೆ ಹೆಸರಾದ ಅಜ್ಜಿ. ಹಸಿರು ಇಳಕಲ್ ಸೀರೆ, ಹಣೆಗೆ ದೊಡ್ಡ ಕುಂಕುಮ.

"ನೀನೇನು ನನ್ನ ಗಿರಾಕಿ ಎಳಕೊಳ್ಳಾಕಿ?" ಎಂದಳು.

"ನಾ ಬಟ್ಟಿ ತಿಕ್ಕಂಗಿಲ್ಲ್ರಿ ಆಯಿ. ಒಳಗಿನ ಸ್ನಾಯು ನೋಡ್ತೀನಿ. ಜ್ವರ, ವಾಂತಿ ಇದ್ದವರಿಗೆ, ಬಸುರಿ ಹೆಣ್ಮಕ್ಕಳಿಗೆ ಹೊಟ್ಟಿ ಮುಟ್ಟೋದೇ ಇಲ್ಲ. ಮೊದಲು ದವಾಖಾನಿಗೆ ಕಳಸ್ತೀನಿ. ನೀವೂ ಹಂಗೇ ಮಾಡ್ರಿ."

"ನಂಗ ಕಲಿಸ್ತಿ?"

"ಹೌದ್ರಿ," ಎಂದೆ. ಅಷ್ಟು ಗಟ್ಟಿಯಾಗಿ ನಾನು ಯಾರಿಗೂ ಹೇಳಿದವಳಲ್ಲ.

ಆಯಿ ನನ್ನನ್ನು ದಿಟ್ಟಿಸಿ ನೋಡಿದಳು. ನಂತರ ಎದ್ದಳು. ಎದ್ದವಳು ನೆಟ್ಟಗಾಗಲಿಲ್ಲ. ಕುಡಗೋಲಿನಂತೆ ಬಾಗಿ, ಗೋಡೆ ಹಿಡಿದು, ನಾಲ್ಕು ಹೆಜ್ಜೆ ಹೋದ ಮೇಲೆ ನೆಟ್ಟಗಾದಳು. ಒಂದು ಕೈ ಬೆನ್ನಿನ ಮೇಲಿನಿಂದ ಕೆಳಗೆ ಹರಿಯಿತು. ನಾನು ಅದನ್ನು ನೋಡಿದೆನೆಂದು ಆಕೆಗೂ ತಿಳಿಯಿತು. ಬಾಗಿಲು ಹಾಕಿ ಹಿಂದಕ್ಕೆ ಬಂದಳು.

"ದಿನಾ ನೆಲದ ಮ್ಯಾಲ ಕುಂತು ಮಂದಿ ಹೊಟ್ಟಿ ತಿಕ್ಕಿ ತಿಕ್ಕಿ ಹಿಂಗಾಗ್ಯಾದ," ಎಂದು ಪಿಸುಗುಟ್ಟಿದಳು. "ನಂದು ನೋಡು. ಆದ್ರ ಯಾರಿಗೂ ಹೇಳಬ್ಯಾಡ. ಬಟ್ಟಿ ತಿಕ್ಕೋಕಿಗೇ ಬಟ್ಟಿ ಬಿದ್ದದ ಅಂತ ಮಂದಿ ನಗ್ತಾರ."

ಹೇಳುವುದಿಲ್ಲ ಎಂದೆ. ಮೊಣಕಾಲೂರುವ ವ್ಯಾಯಾಮ ಕಲಿಸಿದೆ. ಅಲ್ಲಿ ಮತ್ತೆ ಅದೇ ಕಷ್ಟ. "ಪೃಷ್ಠದ..." ಎಂದು ತೊಡಗಿದೆ.

"ಏನದು?"

ನಾನು ಗೋಡೆ ನೋಡುತ್ತ ಕೈಯಿಂದ ಹಿಂದಕ್ಕೆ ತೋರಿಸಿದೆ.

"ಕುಂಡಿ ಅನ್ನಾಕ ಏನು ಧಾಡಿ ನಿನಗ?" ಎಂದು ಆಯಿ ಇಡೀ ಬೀದಿಗೆ ಕೇಳುವಂತೆ ಗದರಿದಳು. ನನ್ನ ಕಿವಿ ಬಿಸಿಯಾಯಿತು.

ಅದೇ ಹೊತ್ತಿಗೆ ಶಹಾಬಾದಿನಲ್ಲಿ ಭೀಮಾಶಂಕರ ಬರುತ್ತಿದ್ದ. ನೆಲಕ್ಕೆ ಹಾಸುವ ಫರಸಿ ಕಲ್ಲಿನ ಲಾರಿಯ ಡ್ರೈವರ್. ಆರಡಿ ಆಳು, ಎದೆ ಕಪಾಟಿನ ಬಾಗಿಲಿನಷ್ಟು ಅಗಲ. ಆದರೆ ಸೀಟಿನಿಂದ ಇಳಿದು ಬಾಗಿ ನಿಂತರೆ ಸಂಗಮ್ಮ ಆಯಿಗಿಂತ ಗಿಡ್ಡ. ಹಳೆಯ ಲಾರಿಯ ಸೀಟು ಕುಸಿದು, ಅವನ ಮೊಣಕಾಲು ಸೊಂಟಕ್ಕಿಂತ ಮೇಲಿರುತ್ತಿತ್ತು. ಎಡಗಾಲು ಕ್ಲಚ್ ಮೇಲೆ ಏರಿ ಇಳಿದು, ಎಡಗಡೆಯ ಹಗ್ಗ ಬಿಗಿದು ಹೋಗಿತ್ತು. ಹೊಟ್ಟೆಯ ಎಡಗಡೆ ಬೆರಳಿಟ್ಟೊಡನೆ, "ಎವ್ವಾ! ಅಲ್ಲಿ ಒತ್ತಿದ್ರ ಬೆನ್ನಾಗ ಹ್ಯಾಂಗ ಹೊಂಟದ್ರಿ? ನೀವೇನು ವೈರ್ ಜೋಡಿಸೀರೇನು?" ಎಂದ.

ಅವನ ಜೊತೆ ತಾಯಿ ಲಕ್ಷ್ಮೀಬಾಯಿಯೂ ಬಂದಿದ್ದಳು. ನೋವಿಗಿಂತ ದೊಡ್ಡ ಸಂಕಟ ಅವಳ ಬಾಯಿಂದ ಹೊರಬಿತ್ತು. ಹೆಣ್ಣು ನೋಡಲು ಹೋಗಿದ್ದಾಗ, ಜಮಖಾನದ ಮೇಲೆ ಕುಳಿತು ಮಂಡಕ್ಕಿಯ ಸುಸಲಾ ತಿಂದು, ಚಹಾ ಕುಡಿದು, ಇವನು ಏಳುವಾಗ ಬಾಗಿಯೇ ಬಾಗಿಲವರೆಗೆ ಹೋದನಂತೆ. ಹುಡುಗಿಯ ಚಿಕ್ಕಪ್ಪ "ಹುಡುಗನ ಟೊಂಕ ಹೋಗ್ಯಾದ" ಎಂದನಂತೆ. ಸಂಬಂಧ ಮುರಿಯಿತು. ಸುದ್ದಿ ವಾಡಿಯವರೆಗೂ ಮುಟ್ಟಿತು.

"ಈಗ ಇನ್ನೊಂದು ಕಡೆ ಕೇಳ್ಯಾರ್ರಿ. ಇದೂ ಹೋದ್ರ ಇವಂಗ ಯಾರೂ ಹೆಣ್ಣು ಕೊಡಂಗಿಲ್ಲ," ಎಂದಳು ಲಕ್ಷ್ಮೀಬಾಯಿ. "ನೆಟ್ಟಗ ಏಳೋ ಹಂಗ ಮಾಡ್ರಿ ಮೇಡಂ. ಮತ್ತ ಅವರ ಕಿವಿಗಿ ಏನೂ ಬೀಳಬಾರ್ದು."

"ನಾ ಯಾರಿಗೂ ಹೇಳಂಗಿಲ್ಲ್ರಿ. ಆದ್ರ ಹುಡುಗಿಗೆ ಇವರೇ ಹೇಳಬೇಕು."

"ಹೇಳ್ತೀನ್ರಿ," ಎಂದ ಭೀಮಾಶಂಕರ. "ಮೊದ್ಲು ನೆಟ್ಟಗ ನಿಂತು ಹೇಳ್ತೀನಿ. ಬಗ್ಗಿ ನಿಂತು ಹೇಳಿದ್ರ ಕೇಳೋರ್ಯಾರು?"

ಹಿಂದಿನವರು ಇಂಥವರಿಗೆ ವಾರಗಟ್ಟಲೆ ಕರೆಂಟಿನ ಯಂತ್ರ ಇಡುತ್ತಿದ್ದರು. ಈಗಲೂ ಜನ "ಜರಾ ಕರೆಂಟ್ ಇಡ್ರಿ" ಎಂದೇ ಬರುತ್ತಾರೆ. ನಮ್ಮ ಸರ್ ಯಂತ್ರಕ್ಕೆ ಬಟ್ಟೆ ಹೊದಿಸಿ ಮೂಲೆಗಿಟ್ಟು, ಮಾಡಬೇಕಾದ ಕೆಲಸವನ್ನು ರೋಗಿಗೇ ಕಲಿಸಿ ಎನ್ನುತ್ತಿದ್ದರು. ಭೀಮಾಶಂಕರನ ಲಾರಿಯ ಸೀಟಿಗೆ ಗೋಣಿಚೀಲ ಮಡಿಸಿ ಹಾಕಿಸಿ, ಸೊಂಟ ಮೊಣಕಾಲಿಗಿಂತ ಮೇಲೆ ಬರುವಂತೆ ಮಾಡಿದೆ. ತಾಸಿಗೊಮ್ಮೆ ಲಾರಿ ನಿಲ್ಲಿಸಿ ಇಳಿ, ಒಂದಿಷ್ಟು ನಡಿ, ಮೊಣಕಾಲೂರಿ ಹಗ್ಗ ಎಳಿ ಎಂದೆ. ಮಲಗುವಾಗ ಮೊಣಕಾಲು ಎದೆಗೆ ಮಡಚಿಕೊಳ್ಳಬೇಡ ಎಂದೆ. ನೆಲದಿಂದ ಏಳುವಾಗ ಒಮ್ಮೆಲೇ ಏಳದೆ, ಮೊದಲು ಒಂದು ಮೊಣಕಾಲ ಮೇಲೆ ನಿಂತು ಹಗ್ಗ ಸಡಿಲಿಸಿ, ಆಮೇಲೆ ಇನ್ನೊಂದು ಕಾಲಿಗೂ ಹಾಗೇ ಮಾಡಿ ಏಳು ಎಂದೆ. ಅವನು ಎಲ್ಲವನ್ನೂ ಶ್ರದ್ಧೆಯಿಂದ ಮಾಡಿದ. ಚಿಂಚೋಳಿ ರಸ್ತೆಯ ಬದಿಯಲ್ಲಿ ಲಾರಿ ನಿಲ್ಲಿಸಿ ಮೊಣಕಾಲೂರಿದವನನ್ನು ಕಂಡು, ಟೈರ್ ಪಂಕ್ಚರ್ ಆಗಿದೆಯೆಂದು ಜನ ಜಾಕ್ ಹಿಡಿದು ಓಡಿ ಬರುತ್ತಿದ್ದರಂತೆ.

ಕೆಲವು ವಾರಗಳಲ್ಲಿ ಕುರ್ಚಿಯಿಂದ ನೆಟ್ಟಗೆ ಏಳತೊಡಗಿದ. ನೆಲದಿಂದ ಮಾತ್ರ ಇನ್ನೂ ಮೊಣಕಾಲಿನ ಉಪಾಯ ಬೇಕಿತ್ತು.

ಹೆಣ್ಣು ನೋಡುವ ದಿನ ನೀವೂ ಬನ್ನಿ ಎಂದು ಲಕ್ಷ್ಮೀಬಾಯಿ ಹಟ ಹಿಡಿದಳು. ನಾನು ಒಲ್ಲೆ ಎಂದೆ. ರೋಗಿಗಳ ಮನೆಯ ಸಮಾರಂಭಕ್ಕೆ ನಾನು ಹೋಗುವುದಿಲ್ಲ. ಆದರೆ ಅದಕ್ಕೂ ಮೊದಲೇ ಸಂಗಮ್ಮ ಆಯಿ "ನಮ್ಮ ಮನ್ಯಾಗ ಒಂದು ಕಾರ್ಯಾ ಅದ, ಆಯಿತಾರ ಬರಲಿಲ್ಲಂದ್ರ ನಿನ್ನ ಕ್ಲಿನಿಕ್ಕಿನ ಮುಂದ ಕುಂದ್ರತೀನಿ" ಎಂದು ಹೆದರಿಸಿ ಹೋಗಿದ್ದಳು. ಆ ಹೆದರಿಕೆಗೆ ಒಪ್ಪಿದ್ದೆ. ಭಾನುವಾರ ಕುರಕುಂಟಾದ ಆಯಿಯ ಮನೆಯಲ್ಲಿ ಕುಳಿತಿದ್ದೆ. ಹೊರಗೆ ಜೀಪು ನಿಂತಿತು. ಒಳಗೆ ಬಂದವರು ಲಕ್ಷ್ಮೀಬಾಯಿ ಮತ್ತು ಭೀಮಾಶಂಕರ.

ಹುಡುಗಿ ರೇಣುಕಾ, ಆಯಿಯ ಮೊಮ್ಮಗಳು.

ಲಕ್ಷ್ಮೀಬಾಯಿ ನನ್ನನ್ನು ಹುಡುಗಿಯ ಕಡೆಯವರ ನಡುವೆ ಕಂಡು ಹೌಹಾರಿದಳು. ಆಯಿ ಅದನ್ನು ಗಮನಿಸಿ ನನ್ನತ್ತ ಹುಬ್ಬು ಗಂಟಿಕ್ಕಿದಳು. ಒಬ್ಬಳ ಗುಟ್ಟು ನನ್ನ ಎಡಗಡೆ, ಇನ್ನೊಬ್ಬಳ ಗುಟ್ಟು ಬಲಗಡೆ. ನಡುವೆ ನಾನು ತಟ್ಟೆಯ ಸುಸಲಾದಲ್ಲಿ ಶೇಂಗಾ ಹುಡುಕುತ್ತ ಕುಳಿತೆ. ಶೇಂಗಾದಲ್ಲಿ ಅಷ್ಟು ಆಸಕ್ತಿ ನನಗೆ ಹಿಂದೆಂದೂ ಬಂದಿರಲಿಲ್ಲ.

ಮಾತುಕತೆ ಚೆನ್ನಾಗಿಯೇ ನಡೆಯಿತು. ರೇಣುಕಾಳ ಸೋದರಮಾವ ದತ್ತಪ್ಪ ದೊಡ್ಡ ದನಿಯ ಮನುಷ್ಯ. ಚಹಾ ಮುಗಿದ ಮೇಲೆ, "ಏಳ್ರಿ ಅಳಿಯಂದ್ರ, ಹೊಲ ನೋಡಿ ಬರೂಣು," ಎಂದ.

ಭೀಮಾಶಂಕರ ನನ್ನತ್ತ ಒಮ್ಮೆ ನೋಡಿದ. ಲಕ್ಷ್ಮೀಬಾಯಿ ಸೆರಗಿನ ತುದಿ ಕಚ್ಚಿದಳು. ಅವನು ಎಡಮೊಣಕಾಲು ನೆಲಕ್ಕೂರಿದ, ಬಲಪಾದ ಮುಂದಿಟ್ಟ, ಮೈ ನೆಟ್ಟಗೆ ಮಾಡಿದ. ಅವನ ಎದುರಿಗೆ ಕುಳಿತಿದ್ದವಳು ಸಂಗಮ್ಮ ಆಯಿ.

"ಹಿರಿಯರಿಗೆ ನಮಸ್ಕಾರ ಮಾಡ್ಲಿಕತ್ತಾನ!" ಎಂದು ದತ್ತಪ್ಪ ಉಬ್ಬಿದ. "ಸಂಸ್ಕಾರ ನೋಡ್ರಿ!"

ಆಯಿ ಅವನ ಊರಿದ ಮೊಣಕಾಲು ನೋಡಿದಳು. ಮುಂದಿಟ್ಟ ಪಾದ ನೋಡಿದಳು. ಅವನ ತುಟಿ ಎಣಿಸುತ್ತಿದ್ದುದನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನಾನು ಶೇಂಗಾ ನೋಡಿದೆ. ಆಯಿ ನಿಧಾನವಾಗಿ ಅವನ ತಲೆಯ ಮೇಲೆ ಕೈಯಿಟ್ಟಳು. ಎಣಿಕೆ ಮುಗಿದಿರಬೇಕು, ಎಲ್ಲರ ಕಣ್ಣು ತನ್ನ ಮೇಲಿದ್ದುದಕ್ಕೆ ಗಾಬರಿಯಾಗಿ ಅವನು ಹಾಗೇ ಎದ್ದುಬಿಡಲು ಹವಣಿಸಿದ. ಆಯಿಯ ಕೈ ಅವನನ್ನು ಕೆಳಗೆ ಒತ್ತಿತು.

"ಇನ್ನೊಂದು ಕಾಲು," ಎಂದಳು, ತುಟಿ ಅಲುಗಿಸದೆ.

ಅವನು ಕಣ್ಣು ಅಗಲಿಸಿ ಆಕೆಯನ್ನು ನೋಡಿದ. ಕಾಲು ಬದಲಿಸಿದ. "ಎರಡೆರಡು ಸಲ!" ಎಂದು ದತ್ತಪ್ಪ ತೊಡೆ ತಟ್ಟಿಕೊಂಡ. ಆಮೇಲೆ ಭೀಮಾಶಂಕರ ಎದ್ದ. ತಲೆ ತೊಲೆಗೆ ತಾಗುವಷ್ಟು ನೆಟ್ಟಗೆ ಎದ್ದ. ಲಕ್ಷ್ಮೀಬಾಯಿಯ ಬಾಯಿಂದ ಸೆರಗು ಬಿತ್ತು.

ಅಲ್ಲಿಗೆ ಮುಗಿಸಬಹುದಿತ್ತು. ಅವನು ಮುಗಿಸಲಿಲ್ಲ.

"ಇದು ನಮಸ್ಕಾರ ಅಲ್ರಿ," ಎಂದ, ಅಡುಗೆಮನೆಯ ಬಾಗಿಲಲ್ಲಿ ನಿಂತ ರೇಣುಕಾಳ ಕಡೆ ತಿರುಗಿ. "ಲಾರ್ಯಾಗ ಕುಂತು ಕುಂತು ಹೊಟ್ಟಿ ಒಳಗಿನ ಹಗ್ಗ ಗಿಡ್ಡ ಆಗ್ಯಾದ. ಹಿಂಗ ಮಾಡಿ ಎದ್ದಿಲ್ಲಂದ್ರ ಬಗ್ಗೇ ನಡೀತೀನಿ. ಮೊದಲಿನ ಸಂಬಂಧ ಇದಕ್ಕೇ ಮುರದದ. ಮುಚ್ಚಿಟ್ಟು ಮದಿವಿ ಆಗೂದು ನಂಗ ಬ್ಯಾಡ."

ಲಕ್ಷ್ಮೀಬಾಯಿ ಕಣ್ಣು ಮುಚ್ಚಿಕೊಂಡಳು. ದತ್ತಪ್ಪನ ಮುಖದಿಂದ ಸಂಸ್ಕಾರ ಇಳಿಯತೊಡಗಿತು.

"ಅಯ್ಯ, ಇದಾ?" ಎಂದಳು ರೇಣುಕಾ. "ನಮ್ಮ ಆಯಿ ದಿನಾ ಮುಂಜಾನಿ ಕ್ವಾಣಿ ಬಾಗಲಾ ಹಾಕ್ಕೊಂಡು ಇದನ್ನೇ ಮಾಡ್ತಾಳಲ್ಲ! ಕಿಟಕ್ಯಾಗ ನೋಡೀನಿ."

ಎಲ್ಲರ ತಲೆ ಆಯಿಯ ಕಡೆ ತಿರುಗಿತು. ನಾಡಿಗೆಲ್ಲ ಬಟ್ಟಿ ತಿಕ್ಕುವ ಸಂಗಮ್ಮ ಆಯಿಯ ಮುಖ ಕುಂಕುಮಕ್ಕಿಂತ ಕೆಂಪಾಯಿತು. ಆದರೆ ತಾನೇ ಮೊದಲು ನಕ್ಕಳು, ಕೋಳಿ ಕೂಗಿದಂಥ ನಗು.

"ಹೌದು, ಮಾಡ್ತೀನಿ. ನಂದೂ ಇದೇ ಬ್ಯಾನಿ. ಈ ಹುಡುಗಿನೇ ಕಲಿಸ್ಯಾಳ," ಎಂದು ನನ್ನತ್ತ ಬೆರಳು ಮಾಡಿದಳು. "ಹಗ್ಗ ಗಿಡ್ಡ ಆಗ್ಯಾದಪಾ, ಮನಷ್ಯಾ ಗಿಡ್ಡ ಆಗಿಲ್ಲ. ರೇಣುಕಾ, ನೀ ಏನಂತಿ?"

ರೇಣುಕಾ ಭೀಮಾಶಂಕರನನ್ನೇ ಕೇಳಿದಳು: "ತಾಸಿಗೊಮ್ಮಿ ಲಾರಿ ನಿಲ್ಲಿಸಿ ಇಳೀತೀರಿ?"

"ಇಳೀತೀನಿ."

"ನಾ ಫೋನ್ ಮಾಡಿ ಕೇಳ್ತೀನಿ ಮತ್ತ."

"ಕೇಳ್ರಿ."

"ಹಂಗಾರ ಆಯ್ತು," ಎಂದು ಒಳಗೆ ಹೋದಳು. ಒಳಗಿನಿಂದ ಪಾತ್ರೆ ಬಿದ್ದ ಸದ್ದು, ಹೆಂಗಸರ ಕಿಲಕಿಲ.

ದತ್ತಪ್ಪನಿಗೆ ಈಗ ಬೇರೆಯೇ ಚಿಂತೆ. "ಮೇಡಂ, ನಂಗೂ ಎದ್ದ ಕೂಡ್ಲೆ ಟೊಂಕ ಹಿಡೀತದ. ಹ್ಯಾಂಗ ಅದು? ತೋರಿಸ್ರಿ ಜರಾ." ಅವನು ಮೊಣಕಾಲೂರಿದ. ಅವನನ್ನು ನೋಡಿ ಲಕ್ಷ್ಮೀಬಾಯಿ ಊರಿದಳು. ಜೀಪಿನಲ್ಲಿ ಬಂದಿದ್ದ ನೆಂಟರು ಊರಿದರು, ಪಕ್ಕದ ಮನೆಯವರು ಊರಿದರು, ಆಯಿ ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿ ಎಲ್ಲರ ಮುಂದೆ ಊರಿದಳು. ಜಮಖಾನದ ಮೇಲೆ ಕಾಲಿಡಲು ಜಾಗವಿಲ್ಲ. ಮತ್ತು ಎಲ್ಲರೂ ತಪ್ಪಾಗಿ ಮಾಡುತ್ತಿದ್ದರು. ಎಲ್ಲರ ಸೊಂಟವೂ ಮುಂದಕ್ಕೆ ಬಾಗಿತ್ತು, ಒಬ್ಬರ ಹಗ್ಗವೂ ಎಳೆಯುತ್ತಿರಲಿಲ್ಲ.

ನನಗೆ ತಪ್ಪು ವ್ಯಾಯಾಮ ನೋಡಿ ಸುಮ್ಮನಿರಲು ಬರುವುದಿಲ್ಲ. ತಟ್ಟೆ ಕೆಳಗಿಟ್ಟು ಎದ್ದೆ. ಹೆಣ್ಣು ನೋಡುವ ಮನೆ, ಎರಡೂ ಕಡೆಯ ಹಿರಿಯರು, ಗೋಡೆಯ ಮೇಲೆ ದೇವರ ಪಟ. ನಮ್ಮ ತಂದೆಯ ಪೂಜೆಯ ಕೋಣೆ ನೆನಪಾಯಿತು.

"ಕುಂಡಿ ಬಿಗಿ ಹಿಡೀರಿ!" ಎಂದು ಕೂಗಿದೆ.

ಆಮೇಲೆ ಇಡೀ ಜಮಖಾನ ಒಟ್ಟಿಗೆ ನೆಟ್ಟಗಾಯಿತು. ಅಷ್ಟು ಚೊಕ್ಕಟವಾದ ಸೊಂಟಗಳನ್ನು ನಾನು ಕಾಲೇಜಿನ ಪ್ರಯೋಗಶಾಲೆಯಲ್ಲೂ ಕಂಡಿರಲಿಲ್ಲ. "ಹಾಂ, ಬಂತ್ರಿ, ಒಳಗ ಜಗ್ಗಾಕತ್ತದ!" ಎಂದ ದತ್ತಪ್ಪ, ಕಣ್ಣರಳಿಸಿ. ನನಗೆ ನಗು ತಡೆಯಲಾಗದೆ ಗೋಡೆ ಹಿಡಿದುಕೊಂಡೆ, ಹಿಡಿದುಕೊಂಡೇ ಎಣಿಸಿದೆ.

"ಸಂಬಂಧ ಕೂಡ್ತು! ಸಕ್ರಿ ತರ್ರಿ ಯಾರರೆ, ಬಾಯಿ ಸಿಹಿ ಮಾಡ್ರಿ!" ಎಂದು ಸಂಗಮ್ಮ ಆಯಿ ಮೊಣಕಾಲ ಮೇಲಿಂದಲೇ ಕೂಗಿದಳು.

ಯಾರೂ ಏಳಲಿಲ್ಲ. ಇನ್ನೊಂದು ಕಾಲು ಬಾಕಿ ಇತ್ತು.